ಗಂಗಾಳ ಕೈ ಏಳುವವರೆಗೆ

ವಿಶೇಷ ಶಾಲೆಗಳ ಪರಿಶೀಲನಾಧಿಕಾರಿಗಳೇ,

ಮಾನ್ಯರೇ, ನಿಮ್ಮ ವರದಿಯ ಕೃಪೆಯಿಂದ ರಾಣೆಬೆನ್ನೂರಿನ ನಮ್ಮ ಪುಟ್ಟ ವಿಶೇಷ ಶಾಲೆಗೆ ಬೀಗ ಬಿದ್ದು ಒಂಬತ್ತು ದಿನವಾಯಿತು. 'ಹತ್ತೂ ಮುಕ್ಕಾಲಾದರೂ ಹಾಜರಿ ಮುಗಿದಿಲ್ಲ, ಬೋಧನೆ ಆರಂಭವಾಗಿಲ್ಲ' ಎಂಬುದು ನಿಮ್ಮ ಆಕ್ಷೇಪಣೆ. ಹದಿನೇಳು ಮಕ್ಕಳ ಹೆಸರು ಕರೆಯಲು ಮುಕ್ಕಾಲು ಗಂಟೆ ಏಕೆ ಬೇಕೆಂದು ನೀವು ಕೇಳಬಹುದಿತ್ತು. ಕೇಳಲಿಲ್ಲ.

ಅಲ್ಲಿ ಹಾಜರಿಯೇ ಮೊದಲ ಪಾಠ. ಹೆಸರು ಕರೆದ ಮೇಲೆ ಆ ಮಗು ತನಗೆ ಬಂದ ರೀತಿಯಲ್ಲಿ ಉತ್ತರ ಕೊಡುವವರೆಗೆ ಎಲ್ಲರೂ ಕಾಯುತ್ತಾರೆ. ಒಬ್ಬ ಬೆಂಚು ಬಡಿಯುತ್ತಾನೆ, ಇನ್ನೊಬ್ಬಳು ಬರೀ ನಗುತ್ತಾಳೆ. ನನ್ನ ಮಗಳು ಗಂಗಾಳಿಗೆ ಹನ್ನೊಂದು ವರ್ಷ, ಮಾತಿಲ್ಲ. ಕೈ ಎತ್ತಬೇಕೆಂದರೆ ಮೈಯೆಲ್ಲ ಬಿಗಿಯುತ್ತದೆ. ಹಿಂದಿನ ಶಾಲೆಯಲ್ಲಿ ಅವಳ ಹೆಸರು ಕರೆಯುವುದನ್ನೇ ಬಿಟ್ಟಿದ್ದರು. ಇಲ್ಲಿಯ ಶಿಕ್ಷಕಿ ಸೈದಾಬಿ ಮೊದಲ ದಿನವೇ ನನ್ನನ್ನು ತಡೆದರು: "ನೀವು ಆಕಿ ಕೈ ಹಿಡದು ಎತ್ತಬ್ಯಾಡ್ರಿ. ಆಕೀನ ಎತ್ತತಾಳ. ನಮಗೇನ್ ಗಡಿಬಿಡಿ ಐತ್ರಿ?" ಎರಡು ವರ್ಷ ಹಿಡಿಯಿತು. ಆ ಕೈ ಮೊದಲ ಸಲ ಕಿವಿಯ ಮಟ್ಟಕ್ಕೆ ಬಂದ ದಿನ ನನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಓಣಿಗೆಲ್ಲ ಸಕ್ಕರೆ ಹಂಚಿದೆ.

ನೀವು ಬಂದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಪಟ್ಟಿಯ ಕೊನೆಯ ಹೆಸರು ಅವಳದು. ಸೈದಾಬಿ ಕರೆದರು. ನೀವು ಗಡಿಯಾರ ನೋಡಿಕೊಂಡು "ಉತ್ತರ ಇಲ್ಲಲ್ರಿ" ಎಂದಿರಿ.

"ಒಂಚೂರು ತಡೀರಿ ಸರ್, ಎತ್ತಾಕತ್ತಾಳ" ಎಂದು ಸೈದಾಬಿ ಬೇಡಿಕೊಂಡರು. ನೀವು ಹೊರಟೇ ಬಿಟ್ಟಿರಿ. ನಿಮ್ಮ ಜೀಪು ಗೇಟು ದಾಟುವಷ್ಟರಲ್ಲಿ ಕೈ ಮೇಲೆದ್ದಿತ್ತು. ವರದಿಯಲ್ಲಿ ಮಾತ್ರ ಅವಳ ಹೆಸರಿನ ಮುಂದೆ 'ಪ್ರತಿಕ್ರಿಯೆ ಇಲ್ಲ' ಎಂದಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಮಯದ ಬೆಲೆಯನ್ನು ನಮಗೆ ಕಲಿಸುತ್ತೀರಾ? ಅಂಗವಿಕಲರ ಗುರುತಿನ ಚೀಟಿಗಾಗಿ ಮಗಳನ್ನು ಎತ್ತಿಕೊಂಡು ನಿಮ್ಮ ಕಚೇರಿಗೆ ಆರು ಸಲ ಅಲೆದಿದ್ದೇನೆ. "ಸಾಹೇಬ್ರು ಊಟಕ್ಕ ಹೋಗ್ಯಾರ, ಕುಂದ್ರಿ" ಎಂದರು, ಹೊರಗಿನ ಬೆಂಚಿನ ಮೇಲೆ ಕೂತೆವು. ಸರ್ಕಾರಕ್ಕಾಗಿ ಅವಳು ದಿನಗಟ್ಟಲೆ ಕಾಯಬೇಕು, ಅವಳಿಗಾಗಿ ಸರ್ಕಾರ ಮೂರು ನಿಮಿಷ ಕಾಯಬಾರದೇ?

ಬೀಗ ತೆಗೆಸಿ, ಇನ್ನೊಮ್ಮೆ ಬನ್ನಿ. ಹಾಜರಿ ಪುಸ್ತಕವನ್ನು ನೀವೇ ಹಿಡಿದು 'ಗಂಗಾ' ಎಂದು ಕರೆಯಿರಿ. ಕರೆದು ಕುಳಿತುಕೊಳ್ಳಿ. ಕೈ ಎದ್ದ ಮೇಲೆ ವರದಿಯ ಆ ಎರಡು ಪದ ಹೊಡೆದುಹಾಕಿ 'ಹಾಜರು' ಎಂದು ಬರೆಯಿರಿ.

ತಡ ಮಾಡಬೇಡಿ. ದಿನಾ ಬೆಳಿಗ್ಗೆ ಹತ್ತಕ್ಕೆ ಅವಳು ನಮ್ಮ ಮನೆಯ ಹೊಸ್ತಿಲಲ್ಲಿ ಕೈ ಎತ್ತಿಕೊಂಡು ಕೂರುತ್ತಾಳೆ. ಯಾರೂ ಕರೆದಿರುವುದಿಲ್ಲ.

ಇಂತಿ,
ನಿಮ್ಮ ಬೆಂಚುಗಳ ಮೇಲೆ ಕಾದು ಪಳಗಿದ
ಗಂಗಾಳ ತಾಯಿ ಸುಚಿತ್ರಾ