ಕೋಡಿಯಿಲ್ಲದ ಕೆರೆ

ಚೈತ್ರದ ಐವತ್ತನೆಯ ದಿನ,
ಕೆರೆ ಮರಳಿ ತುಂಬಿದ ನೂರಾ ಹನ್ನೊಂದನೆಯ ವರ್ಷ

ಯಂತ್ರಗಳ ನಕ್ಷೆ ಹಾಕುತ್ತಿರುವ ಹಿರಿಯರಿಗೆ,

ತಾರೀಖು ತಪ್ಪಾಗಿದೆಯೆಂದು ತಿಳಿಯಬೇಡಿ. ಮೊದಲ ಮಳೆ ಬೀಳುವವರೆಗೆ ನಮ್ಮಲ್ಲಿ ಚೈತ್ರ ಮುಗಿಯುವುದಿಲ್ಲ. ಕೆಲವು ಮಾತುಗಳೂ ನಿಮಗೆ ಹೊಸತೆನಿಸಬಹುದು, ಮನ್ನಿಸಿ. ನೀವು ಡೇಟಾ ಸೆಂಟರ್ ಎಂದದ್ದನ್ನು ನಾವು ನೆನಪುಮನೆ ಎನ್ನುತ್ತೇವೆ. ನಾನು ಅದರ ಕಾವಲಿನವಳು, ಗಂಗರತ್ನ.

ನಿಮ್ಮ ಕಾಲಕ್ಕಿನ್ನೂ ನಕ್ಷೆಯಲ್ಲಿರುವ, ನಮ್ಮ ಕಾಲಕ್ಕೆ ನೀವು ಕಟ್ಟಿ ಹೋದ ಮನೆ ಕೋಲಾರ ಸೀಮೆಯ ಈ ಕೆರೆಯ ಏರಿಯ ಕೆಳಗೆ ಇಂದಿಗೂ ನಡೆಯುತ್ತಿದೆ. ಪರಿಸರಕ್ಕೆ ಹಿತವಾಗಿರಲೆಂದು ಕಟ್ಟಿದ್ದು ಎಂಬ ಬರಹ ಬಾಗಿಲ ಮೇಲಿದೆ, ಅದು ಸುಳ್ಳಲ್ಲ. ಬಿಸಿಲಿನಿಂದಲೇ ಅದಕ್ಕೆ ವಿದ್ಯುತ್ತು. ಯಂತ್ರಗಳನ್ನು ತಣಿಸಿ ಹೊರಬರುವ ಬಿಸಿನೀರಿನಲ್ಲಿ ಚಳಿಗಾಲದಲ್ಲಿ ಮಕ್ಕಳಿಗೆ ಸ್ನಾನ ಮಾಡಿಸುತ್ತೇವೆ. ಬೇಸಿಗೆಯಲ್ಲಿ ಮಾತ್ರ ನೀರಿನ ಲೆಕ್ಕ ಬಿಗಿಯಾಗುತ್ತದೆ. ಮೊದಲು ಜನ, ಆಮೇಲೆ ದನ, ರಾಗಿ ಪೈರು, ಕೊನೆಗೆ ಯಂತ್ರ. ಆಗ ನೆನಪುಮನೆಯಿಂದ ಏನಾದರೂ ಬೇಕಾದವರು ತಮ್ಮ ಪಾಲಿನ ಒಂದು ಕೊಡ ನೀರನ್ನು ಬಿಟ್ಟುಕೊಡಬೇಕು. ಇದಕ್ಕೆ ಕೊಡಬಿಡಿಕೆ ಎನ್ನುತ್ತೇವೆ.

ನನ್ನ ತಂಗಿ ಸುಗುಣ ತೀರಿಕೊಂಡ ಮೇಲೆ ನಾನು ಎಷ್ಟೋ ಕೊಡ ಬಿಟ್ಟಿದ್ದೇನೆ. ಅವಳ ದನಿ ಒಳಗಿದೆ. ದೊಡ್ಡ ಮಾತೇನಲ್ಲ: "ಅಕ್ಕಾ, ಹುಣಸೆಹಣ್ಣು ನೆನೆಹಾಕಿದೀನಿ. ನಿನ್ ಮರೆವಿಗೆ ಅದನ್ನೂ ಚೆಲ್ಬಿಟ್ಟೀಯ." ದನಿ ಹಿಡಿದಿಡುವ ಬೇರೆ ಯಂತ್ರ ನಮ್ಮಲ್ಲಿಲ್ಲ.

ಈ ವರ್ಷ ದನಗಳಿಗೂ ನೀರು ಸಾಲುತ್ತಿಲ್ಲ. ಇವತ್ತು ಏರಿಯ ಮೇಲೆ ಊರು ಸೇರಿತ್ತು. ಬೇಕಾದದ್ದನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಅಳಿಸಿದರೆ ಯಂತ್ರಕ್ಕೆ ಕಾಲುಭಾಗ ನೀರು ಸಾಕು. ಆದರೆ ಅದು ನಮ್ಮಿಂದಾಗದು. ನೆನಪುಗಳು ಒಳಗೆ ಬರುವುದಕ್ಕೆ ನೀವು ನೂರು ದಾರಿ ಮಾಡಿದಿರಿ. ಒಂದನ್ನು ಬಿಡಿಸಿ ತೆಗೆಯುವುದಕ್ಕೆ, ಬೇಡದ್ದನ್ನು ಹೊರಹಾಕುವುದಕ್ಕೆ ದಾರಿ ಇಡಲಿಲ್ಲ. ಮಳೆಯ ದಾಖಲೆ, ತಂಗಿಯ ದನಿ, ಯಾರೋ ಊಟಕ್ಕೆ ಮೊದಲು ತೆಗೆದ ತಟ್ಟೆಯ ಚಿತ್ರಗಳು, ಎಲ್ಲ ಒಂದೇ ಗಂಟು. ಇಟ್ಟರೆ ಎಲ್ಲವನ್ನೂ ಇಡಬೇಕು, ಬಿಟ್ಟರೆ ಎಲ್ಲವನ್ನೂ ಬಿಡಬೇಕು.

ಕೆರೆಯ ನೀರು ಹಂಚುವ ನೀರುಗಂಟಿ ಚಿಕ್ಕೆಲ್ಲಪ್ಪ ಆ ತಟ್ಟೆಗಳನ್ನು ನೋಡಿ ಒಮ್ಮೆ ನಕ್ಕಿದ್ದ. "ಅವ್ರು ಉಂಡು ಕೈ ತೊಳ್ಕೊಂಡು ಹೋದ್ರು ಕಣಕ್ಕಾ. ನಾವಿನ್ನೂ ಅವ್ರ ತಟ್ಟೆಗೆ ನೀರು ಹುಯ್ತಾ ಕೂತಿದೀವಿ." ಇವತ್ತು ಅವನು ನಗಲಿಲ್ಲ. ನನ್ನ ಮುಖ ನೋಡದೆ, "ನೀನೇ ಹೇಳಕ್ಕಾ" ಅಂದ. ಮುಚ್ಚೋಣ ಎಂದು ನಾನೇ ಹೇಳಿದೆ.

ಕೆರೆ ಕಟ್ಟಿದ ನಮ್ಮ ಹಿರಿಯರು ಎಷ್ಟು ನೀರು ನಿಲ್ಲಬಹುದೆಂದು ಮಾತ್ರ ಯೋಚಿಸಲಿಲ್ಲ. ಬೇಕಾದಷ್ಟು ಬಿಡಲು ತೂಬು ಇಟ್ಟರು, ಹೆಚ್ಚಾದದ್ದು ಹರಿದುಹೋಗಲು ಕೋಡಿ ಇಟ್ಟರು. ನಿಮ್ಮ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಅದಕ್ಕೂ ಅವೆರಡನ್ನು ಇಡಿ. ಯಾವುದನ್ನು ಎಷ್ಟು ಕಾಲ ಇಡಬೇಕು, ಯಾರು ಅಳಿಸಬಹುದು ಎಂಬುದನ್ನು ಕಟ್ಟುವ ಮೊದಲೇ ತೀರ್ಮಾನಿಸಿ. ನನ್ನ ಬೇಡಿಕೆ ಇಷ್ಟೇ.

ನಾಳೆ ಬೆಳಿಗ್ಗೆ ನೆನಪುಮನೆಗೆ ಹೋಗುವ ನೀರನ್ನು ನಿಲ್ಲಿಸುತ್ತೇನೆ. ಅಲ್ಲಿಂದ ನಿಮ್ಮ ಕಾಲಕ್ಕೆ ಪತ್ರ ಕಳಿಸುವುದಕ್ಕೂ ಕೊಡಬಿಡಿಕೆ ಉಂಟು. ನನ್ನ ಪಾಲಿನಲ್ಲಿ ಬಿಡಬಹುದಾಗಿದ್ದ ಕೊನೆಯ ಕೊಡದಲ್ಲಿ ಸುಗುಣಳ ದನಿಯನ್ನು ಇನ್ನೊಮ್ಮೆ ಕೇಳಬಹುದಿತ್ತು. ಆ ಕೊಡದಲ್ಲಿ ಈ ಪತ್ರ ಬರೆದಿದ್ದೇನೆ.

ಗಂಗರತ್ನ