ಹೊಸ್ತಿಲಾಚೆ ಹರಿದ ಕಾರ್ಡು

ಮೇಷ್ಟ್ರೇ,

ನಾನು ಜಲಜ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದ, ಬಸರೀಕಟ್ಟೆ ಎಸ್ಟೇಟಿನ ಜೀಪ್ ಡ್ರೈವರನ ಮಗಳು. ಐದು ವರ್ಷದಿಂದ ಹೇಳದೆ ಉಳಿದಿರುವ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಕೊನೆಯ ಕಾರ್ಡನ್ನು ನಾನು ಓದಲಿಲ್ಲ. ಓದಿಯೂ ಸುಮ್ಮನಿದ್ದಳು ಅಂತ ನೀವು ಅಂದುಕೊಂಡಿದ್ದರೆ... ಅಂದುಕೊಂಡೇ ಇರುತ್ತೀರಿ. ಬೇರೆ ಏನು ಅಂದುಕೊಳ್ಳಲು ಸಾಧ್ಯವಿತ್ತು ನಿಮಗೆ?

ಕೊಪ್ಪದ ನಿಮ್ಮ ಮನೆಯ ಜಗಲಿಯಲ್ಲಿ ಕೂತು ಮೊದಲ ದಿನ ನಾನು ಇಪ್ಪತ್ತು ಪದಗಳನ್ನು ಒಂದೇ ಉಸಿರಿಗೆ ಒಪ್ಪಿಸಿದ್ದೆ. ನೀವು ಮೆಚ್ಚುತ್ತೀರಿ ಅಂತ ಎಣಿಸಿದ್ದೆ. "ಎಂತ ಮಾರಾಯ್ತಿ, ಪದಕ್ಕೂ ಒಂದು ತವರುಮನೆ ಅಂತ ಇರ್ತದೆ. ಅದನ್ನ ವಿಚಾರ್ಸದೆ ಬರೀ ಬಾಯಿಪಾಠ ಮಾಡಿದ್ರೆ ನಿಲ್ತದಾ?" ಅಂದಿರಿ. ಆಮೇಲೆ ದಿನಕ್ಕೆ ಒಂದೇ ಪದ. ಅದು ಎಲ್ಲಿ ಹುಟ್ಟಿತು, ಯಾರ ಮನೆ ಸೇರಿತು, ಅರ್ಥ ಎಲ್ಲಿ ಕೆಟ್ಟಿತು, ಎಲ್ಲ ಹೇಳುತ್ತಿದ್ದಿರಿ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಆದರೂ ಮೂರನೇ ಸಲಕ್ಕೆ ನಾನು ಪಾಸಾದೆ.

ಮದುವೆಯಾಗಿ ನರಸಿಂಹರಾಜಪುರಕ್ಕೆ ಹೊರಟಾಗ ನಿಮಗೆ ನಮಸ್ಕಾರ ಮಾಡಲು ಬಂದಿದ್ದೆನಲ್ಲ, ಆಗ ಸೀರೆ ಕೊಟ್ಟವರು ನಿಮ್ಮ ಮನೆಯವರು, ಲಲಿತಕ್ಕ. ನೀವು ಕೊಟ್ಟಿದ್ದು ನಿಮ್ಮದೇ ವಿಳಾಸ ಬರೆದ ಖಾಲಿ ಕಾರ್ಡುಗಳ ಒಂದು ಕಟ್ಟು. "ತಿಂಗಳಿಗೊಂದು ಪದ ಕಳಿಸ್ತೇನೆ. ಕೊನೇಲಿ ಒಂದು ಪ್ರಶ್ನೆ ಇರ್ತದೆ. ಉತ್ತರ ಬರೀಲಿಲ್ಲ ಅಂದ್ರೆ ಮುಂದಿನ ಪದ ಇಲ್ಲ" ಅಂದಿರಿ. ಫೋನು ಹಾಕಿಸಿಕೊಳ್ಳಿ ಅಂತ ಎಷ್ಟು ಹೇಳಿದರೂ ನೀವು ಕೇಳಲಿಲ್ಲ. ನನ್ನ ಗಂಡನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಕಾರ್ಡು ಬಂದರೆ ಎಣ್ಣೆ ಕೈಯಲ್ಲೇ ಹಿಡಿದು ತರುತ್ತಿದ್ದರು, ಅದಕ್ಕೇ ಮನೆಯ ವಿಳಾಸ ಕೊಟ್ಟೆ. ಅದೊಂದು ನಾನು ಮಾಡಿದ ತಪ್ಪು. ಎಣ್ಣೆಯಾದರೆ ಏನಾಗುತ್ತಿತ್ತು?

ನನಗೆ ಎಂಟು ತಿಂಗಳು ತುಂಬಿದ್ದಾಗ ನಿಮ್ಮ ಕಾರ್ಡು ಬರಲಿಲ್ಲ. ಅದರ ಹಿಂದಿನ ಪ್ರಶ್ನೆಗೆ ನಾನು ಉತ್ತರಿಸುವುದು ತಡವಾಗಿತ್ತು, ಹಾಗಾಗಿ ಸಿಟ್ಟು ಮಾಡಿಕೊಂಡಿದ್ದೀರಿ ಅಂದುಕೊಂಡೆ. ಬಸುರಿಯ ಮೇಲೆ ಇವರಿಗೆಂಥ ಹಟ ಅಂತ ನಾನೂ ಮುನಿಸಿಕೊಂಡೆ. ಅವರೇ ಮೊದಲು ಬರೆಯಲಿ ಅಂತ ಕಾದೆ. ಹೆರಿಗೆಗೆ ತವರಿಗೆ ಹೋಗುವಾಗ ಬಸ್ಸು ಕೊಪ್ಪದಲ್ಲಿ ಅರ್ಧ ಗಂಟೆ ನಿಂತಿತ್ತು. ನಿಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಕಿಟಕಿಯ ಪಕ್ಕ ಕೂತು ಕಡ್ಲೆಕಾಯಿ ತಿಂದೆ, ಮೇಷ್ಟ್ರೇ. ಇಳಿಯಲಿಲ್ಲ.

ಮಗಳು ಹುಟ್ಟಿ ಐದು ತಿಂಗಳಾದ ಮೇಲೆ ಅಪ್ಪನ ಜೊತೆ ವಾಪಸ್ಸು ಹೊರಟೆ. ಮುನಿಸೆಲ್ಲ ಅಷ್ಟೊತ್ತಿಗೆ ಕರಗಿತ್ತು. ಕೊಪ್ಪದಲ್ಲಿ ಇಳಿದು ಮಗುವನ್ನು ಮೇಷ್ಟ್ರಿಗೆ ತೋರಿಸಿಯೇ ಹೋಗುವುದು ಅಂದೆ. ಅಪ್ಪ ಅದೂ ಇದೂ ನೆಪ ಹೇಳಿದರು. "ಬಿಸ್ಲು ಅದೆ, ಮಗೂಗೆ ಆಗಲ್ಲ" ಅಂದರು. ಕೊನೆಗೆ ನನ್ನ ಮುಖ ನೋಡದೆ, "ಅವ್ರು ಹೋಗಿ ಆರು ತಿಂಗ್ಳಾಯ್ತು ಕಣೆ. ಬಾಣಂತಿ ಹತ್ರ ಹೆಂಗೆ ಹೇಳದು?" ಅಂದರು. ನಾನು ಇಳಿದೆ. ನಿಮ್ಮ ಜಗಲಿಯ ಕುರ್ಚಿಯ ಮೇಲೆ ನಿಮ್ಮ ಫೋಟೋ ಇತ್ತು.

ಲಲಿತಕ್ಕ ಮಗುವನ್ನು ಎತ್ತಿಕೊಂಡರು. ಅವರಿಗೆ ನನ್ನ ಮೇಲೆ ಬೇಜಾರಿತ್ತು, ಆದರೂ ಬಯ್ಯಲಿಲ್ಲ. "ಕಾರ್ಡ್ ಹಾಕಿದ್ರಲ್ಲ ನಿಂಗೆ. ಕೈ ನಡುಗ್ತಿತ್ತು, ಬೇಡ ಅಂದ್ರೂ ಅವ್ರೇ ಬರೆದ್ರು. ಆಮೇಲೆ ಪೋಸ್ಟಿನವ್ನು ಬಂದ್ನಾ, ಜಲಜ ಬಂದ್ಲಾ ಅಂತ ಒಂದೇ ಸಮ. ಆಸ್ಪತ್ರೆಗೆ ಹೋಗೋ ದಿನಾನೂ ಕೇಳಿದ್ರು" ಅಂದರು. ಯಾವ ಕಾರ್ಡು ಅಂತ ಕೇಳಿದೆ. ಅವರು ನಿಮ್ಮ ಕಚ್ಚಾ ಪುಸ್ತಕ ತಂದು ಕೈಗಿಟ್ಟರು. ಕಚ್ಚಾ ಬರೆಯದೆ ಪಕ್ಕಾ ಬರೆಯಬಾರದು ಅಂತ ನಮಗೆಲ್ಲ ಬಾರುಕೋಲು ಹಿಡಿದವರ ಹಾಗೆ ಹೇಳುತ್ತಿದ್ದಿರಿ. ಆ ಅಭ್ಯಾಸ ಇಲ್ಲದಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ.

ಕೊನೆಯ ಪುಟದಲ್ಲಿ ಪದ ಇತ್ತು: ರೂತ್. ಕೆಳಗೆ ನೀವು ಬರೆದಿದ್ದಿರಿ. "ದುಃಖ ಎಂದು ಅರ್ಥ. ಪದ ಸತ್ತುಹೋಗಿದೆ. ಟ್ರೂ ಎಂಬುದು ಟ್ರೂತ್ ಆದ ಹಾಗೆ ರೂ ಎಂಬ ಹಳೆಯ ಕ್ರಿಯಾಪದದಿಂದ ಇದು ಆಗಿದೆ. ರೂ ಅಂದರೆ ಮರುಗು, ಮಾಡಿದ್ದಕ್ಕೆ ಪರಿತಪಿಸು. ಆ ಕ್ರಿಯಾಪದ ಇನ್ನೂ ಕುಟುಕು ಜೀವ ಹಿಡಿದಿದೆ. ರೂತ್ ಮಾತ್ರ ಇನ್ನೊಬ್ಬರ ಸಂಕಟ ಕಂಡು ನಮ್ಮೊಳಗೆ ಏಳುವ ದುಃಖ. ಅದು ಇಲ್ಲದವನಿಗೆ ರೂತ್‌ಲೆಸ್ ಅನ್ನುತ್ತಾರೆ. ಆ ಪದ ಪೇಪರಿನಲ್ಲಿ ದಿನಾ ಬರುತ್ತದೆ. ಗುಣ ಸತ್ತು, ಅದು ಇಲ್ಲದಿರುವುದು ಮಾತ್ರ ಬದುಕಿತು ನೋಡು. ಪ್ರಶ್ನೆ: ನಮ್ಮ ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತಿ? ಮರುಕ, ಕನಿಕರ ಎರಡೂ ಪುಸ್ತಕದವು, ನನಗೆ ಸಾಲದು. ಮನೆಯೊಳಗೆ ಆಡುವ ಪದ ಬೇಕು. ಈ ಸಲ ಉತ್ತರ ಬರೆಯಬೇಡ. ಬಂದು ಹೇಳು."

ಬಂದು ಹೇಳು. ಆ ಎರಡು ಪದಗಳಿಗೆ ಮಾತ್ರ ನೀವು ವ್ಯಾಖ್ಯಾನ ಕೊಟ್ಟಿರಲಿಲ್ಲ. ಕಾಯಿಲೆ ಅಂತ ಒಂದಕ್ಷರ ಬರೆದಿರಲಿಲ್ಲ.

ಮನೆಗೆ ಬಂದವಳೇ ಅತ್ತೆಯನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ, ಪಾತ್ರೆ ತೊಳೆಯುತ್ತಲೇ ಹೇಳಿದರು. "ಬಂದಿತ್ತು. ಯಾರದೋ ಕೋಳಿ ಕಾಲಿನ ಅಕ್ಷರ, ನಿಮ್ಮ ಮೇಷ್ಟ್ರದ್ದಾಗಿದ್ರೆ ದುಂಡಗಿರ್ತಿತ್ತಲ್ಲ. ಕೂಡ್ಸಿ ಓದ್ದೆ. ದುಃಖ ಅಂತಿತ್ತು, ಸತ್ತುಹೋಗಿದೆ ಅಂತಿತ್ತು. ಮುಂದಕ್ಕೆ ಓದ್ಲಿಲ್ಲ. ಎಂಟು ತಿಂಗ್ಳ ಬಸುರಿಗೆ ಸಾವಿನ ಕಾಗದ ತೋರ್ಸಕ್ಕಾಗ್ತದಾ? ಹೊಸ್ತಿಲಾಚೆನೇ ಹರ್ದು ಚರಂಡಿಗೆ ಹಾಕಿ ಸ್ನಾನ ಮಾಡ್ದೆ. ಹೆರಿಗೆ ಆದ್ಮೇಲೆ ಹೇಳಣ ಅಂತಿದ್ದೆ. ಆಮೇಲೆ ಯಾರೂ ಸತ್ತ ಸುದ್ದಿ ಬರ್ಲಿಲ್ಲ, ಮರ್ತೇ ಹೋಯ್ತು."

ಸಾವಿನ ಕಾಗದವನ್ನು ಒಳಗೆ ತರಬಾರದು, ಓದಿದಲ್ಲೇ ಹರಿಯಬೇಕು. ನಮ್ಮ ತಾಯಿಯೂ ಹಾಗೇ ಮಾಡುತ್ತಿದ್ದರು, ಲಲಿತಕ್ಕನೂ ಮಾಡಿಯಾರು. ನಾನು ಯಾರ ಮೇಲೆ ರೇಗಲಿ? ಅತ್ತೆ ಹರಿದಿದ್ದು ನನಗಾಗಿ. ಅಪ್ಪ ಬಾಯಿ ಮುಚ್ಚಿಕೊಂಡಿದ್ದು ನನಗಾಗಿ. ನೀವು ಕಾಯಿಲೆಯ ವಿಷಯ ಬರೆಯದಿದ್ದದ್ದೂ, ಬಸುರಿ ಹೆದರಿಯಾಳು ಅಂತಲೇ ಇರಬೇಕು. ನನಗಾಗಿ ಅಲ್ಲದೆ ನನ್ನ ಸೊಕ್ಕಿಗೆ ಸುಮ್ಮನಿದ್ದವಳು ನಾನೊಬ್ಬಳೇ. ಆದರೂ ಅತ್ತೆಯ ಮೇಲೆ ಕೂಗಾಡಿದೆ, ತಿಂಗಳುಗಟ್ಟಲೆ ಬೇಕಾದಷ್ಟೇ ಮಾತಾಡಿದೆ. ಆವತ್ತಿನಿಂದ ಮನೆಗೆ ಬಂದ ಯಾವ ಕಾಗದವನ್ನೂ ಅವರು ಓದಿಲ್ಲ. ಕರೆಂಟ್ ಬಿಲ್ಲಿನವರೆಗೂ ಎಲ್ಲವನ್ನೂ ಜಗಲಿಯ ಮೇಲೆ ಒಂದು ಕಲ್ಲಿನಡಿ ಇಟ್ಟು, ನಾನು ಬರುವವರೆಗೆ ಕಾಯುತ್ತಾರೆ.

ಕಳೆದ ವಾರ ಶಾಲೆಯಿಂದ ಬಂದಾಗ ಅವರು ಆ ಕಲ್ಲಿನ ಪಕ್ಕದಲ್ಲೇ ಕೂತಿದ್ದರು. ಹೌದು ಮೇಷ್ಟ್ರೇ, ಇಲ್ಲಿ ಒಂದು ಚಿಕ್ಕ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ, ದಿನಕ್ಕೆ ಒಂದೇ ಪದ. ಹೆಡ್‌ಮಿಸ್ಸು ಬಯ್ಯುತ್ತಾರೆ. "ಹನ್ನೊಂದು ಗಂಟೆಗೆ ಬಂತು, ಶೃಂಗೇರಿದು ಅಂದ ಪೋಸ್ಟಿನವ್ನು" ಅಂದರು ಅತ್ತೆ. ಅವರ ಬಾಲ್ಯದ ಗೆಳತಿ ತೀರಿಕೊಂಡಿದ್ದರು, ಉತ್ತರಕ್ರಿಯೆಯ ಕಾರ್ಡು. ಗೆಳತಿಯ ಹೆಸರು ಮೇಲೆಯೇ ದಪ್ಪಕ್ಷರದಲ್ಲಿತ್ತು. ಕಣ್ಣಿಗೆ ಬೀಳದೆ ಇದ್ದೀತೇ? ಆದರೂ ನಾನು ಓದಿ ಹೇಳುವವರೆಗೆ ಅವರು ಅಳಲಿಲ್ಲ.

ಸ್ನಾನ ಮಾಡಿ ಬಂದು, ಒದ್ದೆ ತಲೆಯಲ್ಲೇ ಊಟಕ್ಕೆ ಕೂತರು. ಅನ್ನ ಕಲಸುತ್ತಾ ಕಲಸುತ್ತಾ ಕೈ ನಿಂತಿತು. ಗೆಳತಿಯ ಮಾತು ಎತ್ತುತ್ತಾರೆ ಅಂದುಕೊಂಡೆ.

"ಆ ಮೇಷ್ಟ್ರು... ಬಾಗ್ಲು ನೋಡ್ತಾ ಇದ್ರಂತಾ?"

ಐದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಸುಳ್ಳು ಹೇಳಬಹುದಿತ್ತು. "ಹೂಂ ಅತ್ತೆ" ಅಂದೆ.

"ಪಾಪ" ಅಂದರು. ಅಷ್ಟೇ. ತಟ್ಟೆ ಬದಿಗೆ ಸರಿಸಿ ಎದ್ದರು.

ಮೇಷ್ಟ್ರೇ, ಮನೆಯೊಳಗೆ ಆಡುವ ಪದ ಬೇಕು ಅಂದಿದ್ದಿರಲ್ಲ, ಸಿಕ್ಕಿದೆ. ನಾಳೆ ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಕೊಪ್ಪಕ್ಕೆ ಹೋಗುತ್ತಿದ್ದೇನೆ, ಲಲಿತಕ್ಕನ ಹತ್ತಿರ ಎಲ್ಲ ಹೇಳಬೇಕು ಅಂತ ಅತ್ತೆಯೇ ಹೊರಟಿದ್ದಾರೆ. ಬರೆಯಬೇಡ, ಬಂದು ಹೇಳು ಅಂದಿದ್ದಿರಿ. ಬರುತ್ತೇನೆ. ಜಗಲಿಯ ಆ ಕುರ್ಚಿಯ ಮುಂದೆ ನಿಂತು ಹೇಳುತ್ತೇನೆ. ಸರಿಯೋ ತಪ್ಪೋ ಹೇಳುವವರು ಯಾರು?