ಸೌಂದರ್ಯ ಜೋಡಿಸಿದ ಸರದಿ

ಫೆಬ್ರವರಿ 23, ಭಾನುವಾರ

ಶಿವರಾತ್ರಿಗೆ ಮೂರೇ ದಿನ. ಅಟ್ಟ ಗುಡಿಸಿ ಆಯಿತು, ದೇವರ ಕೋಣೆ ಆಯಿತು. ಮೇಘಶ್ರೀ ಟ್ಯೂಷನ್‌ಗೆ ಹೋಗಿದ್ದಳು, ಅವಳ ಕೋಣೆಗೂ ಕೈ ಹಾಕಿದೆ. ಮಂಚದ ಕೆಳಗೆ ತಗಡಿನ ಟ್ರಂಕು. ತುಂಬ ಇಂಗ್ಲಿಷ್ ಕಾಮಿಕ್ಸ್. ಶೆಲ್ಫಿನಲ್ಲೂ ಅಂಥವೇ ಒಂದಷ್ಟು. ಎಲ್ಲ ಕಲಸುಮೇಲೋಗರ — ‘ಕ್ಯಾಪ್ಟನ್ ಫರ್ಲಾಂಗ್’ ಕೆಳಗೆ ‘ಗ್ರೇ ಲಾರ್ಕ್’, ಅದರ ಕೆಳಗೆ ‘ಸಾಲ್ಟ್ ಹೌಸ್’, ಮತ್ತೆ ಫರ್ಲಾಂಗ್. ಹಾರನಹಳ್ಳಿ ಪಂಚಾಯ್ತಿ ಲೈಬ್ರರಿಯಲ್ಲಿ ಆರು ವರ್ಷ ಕೂತವಳು ನಾನು. ಸುಮ್ಮನಿರಲು ಆಗುತ್ತದೆಯೇ?

ಎರಡು ಕಡೆಯದೂ ಸೇರಿಸಿ ಅರವತ್ತೊಂದು. ಹೆಸರಿನ ಪ್ರಕಾರ ನಾಲ್ಕು ಕಟ್ಟು ಮಾಡಿ, ನಂಬರಿನ ಪ್ರಕಾರ ಜೋಡಿಸಿದೆ. ಸೆಣಬಿನ ದಾರ. ಮೇಲೊಂದು ಚೀಟಿ. ಮದುವೆಯಾಗಿ ಎಂಟು ತಿಂಗಳು. ಅವಳೊಬ್ಬಳಿಗೇ ಅಂತ ನಾನು ಮಾಡಿದ ಮೊದಲ ಕೆಲಸ. ಅಡುಗೆ ಲೆಕ್ಕಕ್ಕಿಲ್ಲ, ಅದು ಎಲ್ಲರಿಗೂ.

ಅದೇ ದಿನ, ಸಂಜೆ 6

ನೋಡಿದಳು. ತುಂಬ ಹೊತ್ತು ನೋಡಿದಳು. ‘ಪರವಾಗಿಲ್ಲ ಚಿಕ್ಕಮ್ಮ’ ಅಂದು ಬಾಗಿಲು ಹಾಕಿಕೊಂಡಳು. ಏನು ಪರವಾಗಿಲ್ಲ?

ಫೆಬ್ರವರಿ 24

ಇವರು ಮಂಡಿಗೆ ಹೊರಡುವ ಮುಂಚೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು. ತಲೆ ಎತ್ತಲಿಲ್ಲ. ಕೊಬ್ಬರಿ ರೇಟು ಹೇಳುವಾಗ ಇರುವ ಗಂಟಲು ಇರಲಿಲ್ಲ.

ಅವೆಲ್ಲ ಸೌಂದರ್ಯಳವು. ಇವರ ಮೊದಲ ಹೆಂಡತಿ, ಮೇಘಶ್ರೀಯ ತಾಯಿ. ಮದುವೆಗೆ ಮುಂಚೆ ಬೇಲೂರಿನಲ್ಲಿ ಇಂಗ್ಲಿಷ್ ಟೀಚರ್. ನಾಲ್ಕು ಹೆಸರಿನ ಪುಸ್ತಕಗಳಾದರೂ ಕತೆ ಒಂದೇ ಅಂತೆ — ಒಂದು ಕಂತು ಇದರಲ್ಲಿ, ಮುಂದಿನದು ಅದರಲ್ಲಿ, ಆಮೇಲೆ ಇನ್ನೊಂದರಲ್ಲಿ. ಹಾಸಿಗೆ ಹಿಡಿದಾಗ ಎಲ್ಲವನ್ನೂ ಓದಬೇಕಾದ ಸರದಿಯಲ್ಲಿ ಪೇರಿಸಿದ್ದಳಂತೆ. ಭಾನುವಾರಕ್ಕೊಂದು, ತಾಯಿ ಮಗಳು ಕೂತು ಓದುತ್ತಿದ್ದರು. ಮೂವತ್ತೆಂಟು ಮುಗಿದಿತ್ತು. ಅವು ಶೆಲ್ಫಿನಲ್ಲಿ. ಉಳಿದ ಇಪ್ಪತ್ತಮೂರು ಟ್ರಂಕಿನಲ್ಲಿ, ಅವಳು ಇಟ್ಟ ಹಾಗೇ. ಅವಳು ತೀರಿಕೊಂಡು ಎರಡು ವರ್ಷ, ಅಲ್ಲಿಂದ ಹುಡುಗಿ ಅದನ್ನು ಮುಟ್ಟಿಲ್ಲ. ನಾನು ಮುಟ್ಟಿದೆ.

ಮೂವತ್ತೆಂಟರ ಸರದಿ ಮೇಘಶ್ರೀಗೆ ಬಾಯಿಪಾಠ. ಇಪ್ಪತ್ತಮೂರರದು ಯಾರಿಗೂ ಗೊತ್ತಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅನ್ನುವುದು ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು. ನಾಚಿಕೆ. ಬೆಳಿಗ್ಗೆಯಿಂದ ಬರೀ ನಾಚಿಕೆ.

ಫೆಬ್ರವರಿ 26, ಶಿವರಾತ್ರಿ

ತಪ್ಪಾಯಿತು ಅಂದೆ. ಮೊಬೈಲಿನಲ್ಲಿ ಹುಡುಕಿದ್ದೇನೆ, ಸರದಿಯ ಪಟ್ಟಿ ಇದೆ ಅಂದೆ. ಒಂದಲ್ಲ, ಮೂರಿವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದನ್ನು ಹೇಳಲಿಲ್ಲ.

‘ನೆಟ್ ಬೇಡ’ ಅಂದಳು. ‘ಅಮ್ಮ ನೆಟ್ ನೋಡಿ ಜೋಡ್ಸಿರ್ಲಿಲ್ಲ. ಓದಿ ಜೋಡ್ಸಿದ್ಲು.’

ಆಮೇಲೆ ಮತ್ತೆ ಅದೇ ‘ಪರವಾಗಿಲ್ಲ, ಬಿಡಿ.’ ಇದಕ್ಕಿಂತ ಎರಡು ಬೈದಿದ್ದರೆ ವಾಸಿ. ಎಂಟು ತಿಂಗಳಲ್ಲಿ ಒಂದು ದಿನ ನನ್ನ ಸಾರಿಗೆ ಉಪ್ಪು ಕಮ್ಮಿ ಅಂದವಳಲ್ಲ. ನೆಂಟರ ಮನೆಯಲ್ಲಿ ಉಳಿದುಕೊಂಡವಳ ಹಾಗೆ ಇದ್ದಾಳೆ, ಅವಳದೇ ಮನೆಯಲ್ಲಿ.

ಹಾಗಾದರೆ ನಾನೂ ಓದಿಯೇ ಜೋಡಿಸುತ್ತೇನೆ ಅಂದೆ. ಬಾಯಿಂದ ಬಂದುಬಿಟ್ಟಿತು. ಅವಳು ಭುಜ ಹಾರಿಸಿದಳು. ಬೇಡ ಅನ್ನಲಿಲ್ಲ.

ಮಾರ್ಚ್ 2, ಭಾನುವಾರ

ಶುರು. ಮೊದಲಿನಿಂದಲೇ ಓದಬೇಕು, ಬೇರೆ ದಾರಿಯಿಲ್ಲ. ಮೂವತ್ತೆಂಟನ್ನು ಮೇಘಶ್ರೀ ಜೋಡಿಸಿ ಕೊಟ್ಟಳು.

ತಿಳಿದಷ್ಟು ಬರೆದುಕೊಳ್ಳುತ್ತೇನೆ. ಏಳು ಭೂಮಿಗಳು. ಏಳರಲ್ಲೂ ಸೂರ್ಯ ನಡು ನೆತ್ತಿಗೆ ಬಂದು ನಿಂತುಬಿಟ್ಟಿದ್ದಾನೆ. ಅದಕ್ಕೇ ಕತೆಗೆ ‘ಸೆವೆನ್ ನೂನ್ಸ್’ ಅಂತ ಹೆಸರು, ನಾಲ್ಕನೇ ಕಟ್ಟಿನ ಪುಸ್ತಕಗಳಿಗೂ ಅದೇ. ನೆರಳಿಲ್ಲ, ಸಂಜೆಯಿಲ್ಲ, ಬೆಳೆ ಒಣಗುತ್ತಿದೆ. ಕ್ಯಾಪ್ಟನ್ ಫರ್ಲಾಂಗ್ ಕಣ್ಣು ಮಿಟುಕಿಸುವುದರಲ್ಲಿ ಒಂದು ಫರ್ಲಾಂಗು ಓಡುತ್ತಾನೆ. ಒಂದೇ ಫರ್ಲಾಂಗು. ಆಮೇಲೆ ಏದುಸಿರು. ಇಂಥ ಹೀರೋ ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತಾನೆ. ಗ್ರೇ ಲಾರ್ಕ್ ಹಾರುವ ಹೆಂಗಸು, ಕೂದಲು ನೆರೆತಿದೆ, ಮುಖದ ಮೇಲೆ ಸದಾ ಸಿಟ್ಟು. ಇವಳು ಇಷ್ಟವಾದಳು. ಸಾಲ್ಟ್ ಹೌಸ್ ಅಂದರೆ ಉಪ್ಪಿನ ಕೋಟೆಯಲ್ಲಿ ಒಟ್ಟಿಗೆ ಬದುಕುವ ಹನ್ನೊಂದು ಜನ. ಅವರ ಹೆಸರು ಕೇಳಬೇಡಿ.

ಕೇಳುವವರು ಯಾರು? ನಾನೇ ಬರೆದು ನಾನೇ ಓದುವುದು.

ಮಾರ್ಚ್ 9

ಡಿಕ್ಷನರಿ ಬೇಕಾಗುತ್ತದೆ. ಬಿ.ಎ. ಮಾಡಿದ್ದು ದಂಡ. ಕ್ಯಾಪ್ಟನ್ ಫರ್ಲಾಂಗ್ ಒಂಬತ್ತನೆಯದರಲ್ಲಿ ಸತ್ತ. ಕಣ್ಣೀರು ಬಂತು, ಸುಳ್ಳು ಹೇಳುವುದಿಲ್ಲ. ಹತ್ತನೆಯದರಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ! ಮೇಘಶ್ರೀಯನ್ನು ಕೇಳಿದೆ. ಅದು ಬೇರೆ ಭೂಮಿಯ ಫರ್ಲಾಂಗ್ ಅಂತೆ, ಮೀಸೆ ನೋಡಿ ಅಂದಳು. ನೋಡಿದೆ. ಹೌದು, ಒಬ್ಬನಿಗೆ ಮೀಸೆ ಇದೆ.

ಅತ್ತೆಗೆ ಇದೆಲ್ಲ ತಮಾಷೆ. ‘ಏನೇ ಪ್ರತಿಮಾ, ಪರೀಕ್ಷೆ ನಿಂಗೋ ಮಗೀಗೋ?’ ಅಂತ ಕೇಳಿದರು.

ಮಾರ್ಚ್ 30, ಯುಗಾದಿ

ಮೇಘಶ್ರೀಯ ಪರೀಕ್ಷೆ ಮುಗಿಯಿತು. ನನ್ನದು ಮುಗಿದಿಲ್ಲ. ಮೂವತ್ತೆಂಟು ದಾಟಿದೆ. ಉಳಿದ ಇಪ್ಪತ್ತಮೂರನ್ನು ಸಿಕ್ಕ ಹಾಗೆ ಓದಿ ನೆಲದ ಮೇಲೆ ಹರಡಿದ್ದೇನೆ. ಹೀಗೆ ಇಟ್ಟರೆ ಅಲ್ಲಿ ಕತೆ ತುಂಡಾಗುತ್ತದೆ, ಹಾಗೆ ಇಟ್ಟರೆ ಇಲ್ಲಿ. ಮೂರು ಸಲ ಜೋಡಿಸಿದೆ, ಮೂರು ಸಲ ಕೆಡವಿದೆ. ಹೋಳಿಗೆ ಸೀದುಹೋಯಿತು, ನಾಲ್ಕು. ಅವಳು ಸೀದದ್ದನ್ನೇ ತೆಗೆದುಕೊಂಡು, ಚೆನ್ನಾಗಿದೆ ಅಂದಳು.

ಏಪ್ರಿಲ್ 13, ಭಾನುವಾರ

ಬೇಲೂರಿನಲ್ಲಿ ಇವರ ಕಡೆಯವರ ಗೃಹಪ್ರವೇಶ. ಬರುವಾಗ ಹಳೇಬೀಡು. ಬಿಸಿಲು, ಕಲ್ಲು ಕಾದು ಅಂಗಾಲು ಸುಟ್ಟಿತು. ಇವರು ಮತ್ತು ಮೇಘಶ್ರೀ ಕಬ್ಬಿನಹಾಲು ಕುಡಿಯಲು ಹೋದರು. ನಾನು ಅತ್ತೆಯ ಹಿಂದೆ ಗೋಡೆ ಸುತ್ತಿದೆ. ರಾಮಾಯಣ, ಭಾರತ, ಭಾಗವತ ಎಲ್ಲವೂ ಅದೇ ಗೋಡೆಯ ಮೇಲೆ. ಅತ್ತೆ ಎಲ್ಲಿ ಬೇಕೆಂದರಲ್ಲಿ ನಿಂತು, ಬೆರಳು ತೋರಿಸಿ ಕತೆ ಹೇಳುತ್ತಾ ಹೋದರು. ಒಂದು ಕಡೆಯೂ ತಡವರಿಸಲಿಲ್ಲ. ಸಾಲು ತಪ್ಪುವುದಿಲ್ಲವೇ ಅಂತ ಕೇಳಿದೆ.

‘ಸಾಲ್ಯಾಕೆ? ಎಲ್ಲ ಗೊತ್ತಿರೋರೆ ಅಲ್ವೇನೇ. ಯಾರ್ಗೆ ಯಾರು ಏನಾಗ್ಬೇಕು ಅಂತ ಗೊತ್ತಿದ್ರೆ, ಎಲ್ ನಿಂತ್ಕಂಡ್ ನೋಡಿದ್ರೂ ಕತೆ ಸಿಗ್ತೈತೆ.’

ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಾನು ನಂಬರು ನೋಡುತ್ತಿದ್ದೆ, ತಾರೀಕು ನೋಡುತ್ತಿದ್ದೆ. ಜನರನ್ನು ನೋಡಿರಲಿಲ್ಲ.

ಏಪ್ರಿಲ್ 16

ಹೊಸ ನೋಟ್‌ಬುಕ್. ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಸಿಟ್ಟು, ಯಾರ ಗಾಯ ಎಷ್ಟು ವಾಸಿಯಾಗಿದೆ. ಮೀಸೆಯ ಫರ್ಲಾಂಗನ ಎಡಗೈಗೆ ಒಂದರಲ್ಲಿ ಪಟ್ಟಿ ಕಟ್ಟಿದ್ದಾರೆ, ಇನ್ನೊಂದರಲ್ಲಿ ಪಟ್ಟಿ ಕೊಳೆಯಾಗಿದೆ, ಮತ್ತೊಂದರಲ್ಲಿ ಬಿಚ್ಚಿದ್ದಾರೆ. ಅಷ್ಟು ಸಾಕು, ಮೂರು ಕೂತವು. ಲಾರ್ಕ್‌ಗೆ ಐದನೇ ಭೂಮಿಯಲ್ಲಿ ಒಬ್ಬಳು ಮಗಳಿದ್ದಾಳೆ. ದಾರಿ ಮುಚ್ಚಿದೆ, ಹೋಗಲಾರಳು. ಅವಳ ಸಿಟ್ಟಿಗೆ ಕಾರಣ ಸಿಕ್ಕಿತು. ಅದು ಸಿಕ್ಕಿದ ಮೇಲೆ ಹತ್ತು ಸಂಚಿಕೆ ತಾವಾಗಿಯೇ ಸಾಲಾಗಿ ಕೂತವು. ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ.

ಏಪ್ರಿಲ್ 18

ಇಪ್ಪತ್ತಮೂರೂ ಕೂತವು. ಆದರೆ...

‘ಗ್ರೇ ಲಾರ್ಕ್’ 14. ಅದೇ ಅವಳ ಕೊನೆಯ ಸಂಚಿಕೆ. ಸೂರ್ಯನನ್ನು ಭುಜ ಕೊಟ್ಟು ತಳ್ಳುತ್ತಾಳೆ, ಕದಲಿಸುತ್ತಾಳೆ, ಸುಟ್ಟುಹೋಗುತ್ತಾಳೆ. ಐದನೇ ಭೂಮಿಯಲ್ಲಿ ಮಗಳು ಮೊದಲ ಸಲ ಸಂಜೆ ನೋಡುತ್ತಾಳೆ. ಅಮ್ಮ ಇಲ್ಲ ಅಂತ ಅವಳಿಗಿನ್ನೂ ಗೊತ್ತಿಲ್ಲ. ಕತೆಯ ಪ್ರಕಾರ ಇದು ಐವತ್ತಾರನೆಯದು. ಅನುಮಾನವೇ ಇಲ್ಲ.

ಆದರೆ ಇದರ ಹಿಂಬದಿಗೆ ಹಳೇ ನ್ಯೂಸ್‌ಪೇಪರಿನ ತುಂಡು ಅಂಟಿಕೊಂಡಿದೆ. ಟ್ರಂಕು ತೆಗೆದು ನೋಡಿದೆ. ತಳಕ್ಕೆ ಹಾಸಿದ್ದ ಪೇಪರು ಅಷ್ಟೇ ಅಗಲ ಹರಿದಿದೆ. ಅಂದರೆ ಇದು ಎಲ್ಲಕ್ಕಿಂತ ಕೆಳಗಿತ್ತು. ಸೌಂದರ್ಯ ಇದನ್ನು ಅರವತ್ತೊಂದನೆಯದಾಗಿ ಇಟ್ಟಿದ್ದಳು. ತಪ್ಪಿ ಇಟ್ಟಳೇ ಅಂದುಕೊಂಡೆ. ಪುಟ ತಿರುವಿದರೆ ಹದಿನೆಂಟನೇ ಪುಟದಲ್ಲಿ, ಲಾರ್ಕ್ ಸಾಯುವ ಕಡೆ, ಗುರುತಿಗೆ ಖಾಲಿ ಮಾತ್ರೆ ಶೀಟು. ಮೊದಲು ಓದುವಾಗ ಇದರ ಅರ್ಥ ಹೊಳೆದಿರಲಿಲ್ಲ.

ಓದಿದ್ದಾಳೆ. ಮಲಗಿದ್ದಲ್ಲೇ, ಮಗಳಿಗಿಂತ ಮುಂಚೆ, ಒಬ್ಬಳೇ ಓದಿದ್ದಾಳೆ. ಮಗಳು ಅಲ್ಲಿಗೆ ಬರುವುದು ಆದಷ್ಟು ತಡವಾಗಲಿ ಅಂತ ಕೆಳಗಿಟ್ಟಿದ್ದಾಳೆ.

ಫೋಟೋದಲ್ಲಿ ಬಿಟ್ಟರೆ ನಾನು ನೋಡದ ಹೆಂಗಸು. ಅವಳಿಗಾಗಿ ಇವತ್ತು ಕಣ್ಣೀರು ಹಾಕಿದೆ. ಮೊದಲ ಸಲ.

ಏಪ್ರಿಲ್ 20, ಭಾನುವಾರ

ಎರಡು ದಿನ ಒದ್ದಾಡಿದೆ. ಕತೆಯ ಪ್ರಕಾರ ಇಡಲೋ, ತಾಯಿಯ ಪ್ರಕಾರ ಇಡಲೋ. ಇವರನ್ನು ಕೇಳಿದೆ. ‘ನೀನೇ ಓದಿರೋದು, ನಿಂಗೇ ಗೊತ್ತಾಗ್ಬೇಕು’ ಅಂದರು. ಒಂದು ಸಲ ಅವಳ ಸರದಿ ಕೆಡಿಸಿದ್ದೇನೆ, ಇನ್ನೊಂದು ಸಲ ಕೆಡಿಸಲಾರೆ. ಕೆಳಗೇ ಇಟ್ಟೆ. ಮಾತ್ರೆ ಶೀಟನ್ನೂ ಅಲ್ಲೇ ಬಿಟ್ಟೆ.

ಮೇಘಶ್ರೀಗೆ ಕೊಟ್ಟೆ. ಇದೇ ಸರಿ ಅಂತ ಗ್ಯಾರಂಟಿ ಕೊಡಲಾರೆ ಅಂದೆ. ಮೇಲಿನದನ್ನು ಎತ್ತಿಕೊಂಡು ವಾಸನೆ ನೋಡಿದಳು. ರಜೆ ಅಲ್ವಾ, ದಿನಕ್ಕೊಂದು ಓದ್ತೀನಿ ಅಂದಳು.

ಏಪ್ರಿಲ್ 27

ಎಂಟು ಮುಗಿದಿವೆ. ಇವತ್ತು ಕೋಣೆಯಿಂದ ಎದ್ದು ಬಂದು ಜಗಳ ತೆಗೆದಳು. ನಾನು ಇಟ್ಟ ನಲವತ್ತನಾಲ್ಕು ಮತ್ತು ನಲವತ್ತೈದು ಅದಲುಬದಲಾಗಬೇಕಂತೆ. ಕೋಟೆಯ ಬಾಗಿಲು ಮುರಿದದ್ದು ಮೊದಲು, ನಾನು ಸರಿಯಾಗಿ ಚಿತ್ರ ನೋಡಿಲ್ಲವಂತೆ. ‘ಬರೀ ಮಾತು ಓದ್ತೀರಾ ನೀವು’ ಅಂದಳು. ನಾನೂ ಬಿಡಲಿಲ್ಲ, ವಾದ ಮಾಡಿದೆ. ಕೊನೆಗೆ ಅವಳೇ ಸರಿ. ಅತ್ತೆ ಒಳಗಿಂದ ಏನ್ರೇ ಅದು ಗಲಾಟೆ ಅಂತ ಕೂಗಿದರು.

ಸಂತೋಷವಾಗಿದೆ. ಎಷ್ಟು ಅಂತ ಬರೆಯಲು ಬರುವುದಿಲ್ಲ. ಬೈಸಿಕೊಂಡೆ.

ಮೇ 7, ಮಧ್ಯಾಹ್ನ 3

ಟ್ರಂಕಿನ ಹದಿನೆಂಟನೆಯದನ್ನು ಅರ್ಧಕ್ಕೆ ಮಡಚಿ ತಂದು ನನ್ನ ಮುಂದೆ ಇಟ್ಟಳು. ಸಾಲ್ಟ್ ಹೌಸ್‌ನವರೆಲ್ಲ ತಲೆ ತಗ್ಗಿಸಿ ನಿಂತ ಚಿತ್ರ. ಹೊರಗೆ ಸಂಜೆಯಾಗಿದೆ.

‘ಇದಕ್ಕೂ ಮುಂಚೆ ಒಂದು ಇರ್ಬೇಕು. ಸೂರ್ಯ ಯಾವಾಗ ಕದಲಿದ? ಲಾರ್ಕ್ ಎಲ್ಲಿ?’

ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು, ಕಳೆದುಹೋಗಿದೆ ಅಂತ. ಹೇಳಲಿಲ್ಲ. ಇದೆ, ಎಲ್ಲಕ್ಕಿಂತ ಕೆಳಗಿದೆ ಅಂದೆ.

‘ಅಲ್ಯಾಕಿಟ್ರಿ? ತಪ್ಪಲ್ವಾ?’

‘ನಾನಿಟ್ಟಿದ್ದಲ್ಲ ಮೇಘಾ. ನಿಮ್ಮಮ್ಮ ಇಟ್ಟಿದ್ದು. ನಾನು ಅದನ್ನ ಹಾಗೇ ಇಟ್ಟೆ ಅಷ್ಟೆ.’

ಪೇಪರಿನ ತುಂಡು ತೋರಿಸಿದೆ. ಟ್ರಂಕಿನ ತಳ ತೋರಿಸಿದೆ. ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ದಡ್ಡಿಯಲ್ಲ ಅವಳು. ಅರ್ಥವಾಯಿತು, ಲಾರ್ಕ್‌ಗೆ ಏನಾಗಿದೆ ಅಂತಲೂ, ಅಮ್ಮ ಯಾಕೆ ಹಾಗೆ ಮಾಡಿದಳು ಅಂತಲೂ.

‘ಅಮ್ಮ ಇದನ್ನ ಕೆಳಗಿಟ್ಟಾಗ ನಾನು ಆರನೇ ಕ್ಲಾಸು,’ ಅಂದಳು. ‘ಈಗ ಹತ್ತಕ್ಕೆ ಹೋಗ್ತಿದೀನಿ. ಕೊಡಿ.’

ಕೊಟ್ಟೆ.

ಕೋಣೆಗೆ ಹೋಗಲಿಲ್ಲ. ಹಜಾರದಲ್ಲೇ ಗೋಡೆಗೆ ಒರಗಿ ಕೂತಳು. ಆ ಪುಟ ಬರೋಕೆ ಮುಂಚೆ ಹೇಳಿ, ನೀವು ಪಕ್ಕದಲ್ಲೇ ಇರಿ, ಆದರೆ ನನ್ನ ಮುಖ ನೋಡಬೇಡಿ ಅಂದಳು. ಅದಕ್ಕೇ ಈ ಡೈರಿ ಹಿಡಿದು ಕೂತಿದ್ದೇನೆ. ತಲೆ ತಗ್ಗಿಸಿರಲು ಒಂದು ಕೆಲಸ ಬೇಕಲ್ಲ.

ಹನ್ನೊಂದನೇ ಪುಟದಲ್ಲಿದ್ದಾಳೆ. ನಿಧಾನಕ್ಕೆ ಓದುತ್ತಾಳೆ, ಚಿತ್ರಗಳನ್ನು ಪೂರ್ತಿ ನೋಡಿ. ಹದಿಮೂರು. ಇವರ ಸ್ಕೂಟರ್ ಸದ್ದಾಯಿತು. ಒಳಗೆ ಬಂದರು, ನಮ್ಮಿಬ್ಬರನ್ನೂ ನೋಡಿ ಹಾಗೇ ಹೊರಗೆ ಹೋದರು. ಹದಿನಾಲ್ಕು. ಹದಿನೈದು — ಉಸಿರು ಕೇಳಿಸುತ್ತಿದೆ. ಹದಿನಾರು. ಏನು ಹೇಳಬೇಕು ನಾನು, ಏನೂ ಹೇಳಬಾರದೇನೋ. ಹದಿನೇಳು.

‘ಮೇಘಾ, ಮುಂದಿನದು’ ಅಂದೆ.

ತಿರುವಲಿಲ್ಲ. ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು, ನಾನು ಬರೆಯುತ್ತಿರುವ ಕೈಯನ್ನೇ ಹಿಡಿ—